ಹದ್ದಿನ ಮೇಸ್ತ್ರಿಯ ಎಡಗೈ ಹಕ್ಕಿ

ಸರ್ಕಾರದ ಲಾಂಛನವಾದ, ಕಾಲಲ್ಲಿ ಬೀಗದ ಕೈ ಹಿಡಿದ ಹದ್ದನ್ನು ಸಮವಸ್ತ್ರಗಳ ತೋಳಿಗೆ ಜರಿದಾರದಲ್ಲಿ ಕಸೂತಿ ಹಾಕುತ್ತಲೇ ತಲೆ ನರೆಸಿಕೊಂಡವರು ಅವರು. ಬೀದಿಗೆಲ್ಲ ಹದ್ದಿನ ಮೇಸ್ತ್ರಿ. ನಿವೃತ್ತಿಯಾದ ಮೇಲೆ ಮಗಳ ಮನೆಯ ಮುಂದಿನ ಕೋಣೆಯಲ್ಲಿ, ಅವಳು ಹೊಲಿಯುವ ಎಳೆಮಕ್ಕಳ ಅಂಗಿಗಳಿಗೆ ಹೂಬಳ್ಳಿ ತೆಗೆಯುತ್ತ ಕೂತರು.

ಅಂಗಿಗಳಿಗೆ ಹೆಸರು ಬಂತು, ಹಿಂದೆಯೇ ನಕಲೂ ಬಂತು. ಯಾರೋ ಒರಟು ಬಟ್ಟೆಗೆ ಅವಳ ಚೀಟಿಯಂಥದೇ ಚೀಟಿ ಹಚ್ಚಿ ಮಾರಿದರು. ಅದನ್ನು ತೊಟ್ಟ ಕೂಸೊಂದರ ಕತ್ತಿನ ತುಂಬ ಕೆಂಪು ಗಂದೆ ಎದ್ದು, ತಾಯಿ ಬಂದು ಇವಳ ಮುಂದೆ ಅತ್ತು ಹೋದಳು. ಅಂದಿನಿಂದ ಮಗಳಿಗೆ ಊಟ ಸೇರದು. ನಾಳೆ ಇನ್ನಾವ ಕೂಸಿಗೆ ಏನಾಗುವುದೋ! ಯಾರೂ ಕದಿಯಲಾಗದಂಥ ಗುರುತೊಂದನ್ನು ಟ್ರೇಡ್‌ಮಾರ್ಕ್ ಮಾಡಿಸಲೇಬೇಕಿತ್ತು.

ಮೇಸ್ತ್ರಿ ಬರೆದುಕೊಟ್ಟ ಹಕ್ಕಿ ಟ್ರೇಡ್‌ಮಾರ್ಕ್ ಕಚೇರಿಯಿಂದ ತಿರಸ್ಕೃತವಾಗಿ ಬಂತು. ಅದು ಲಾಂಛನದ ಹದ್ದಿನಂತಿದೆ ಎಂಬುದೇ ಕಾರಣ. ತಿದ್ದಿದ್ದೂ ತಿರುಗಿ ಬಂತು.

“ಮೂತಿ ಆ ಕಡೆ ತಿರುಗಿಸಿದೆ, ಕಾಲಲ್ಲಿದ್ದ ಬೀಗದ ಕೈ ತೆಗೆದೆ. ಇನ್ನೇನು ಪುಕ್ಕ ಕೀಳಲಾ?” ಎಂದು ರೇಗಿದರು.

“ಕಿತ್ತರೂ ಅದು ಹದ್ದೇ ಅಪ್ಪಾ. ಗುಬ್ಬಿ ಬರೀರಿ ಅಂದ್ರೂ ಎದೆ ಉಬ್ಬಿಸ್ಕೊಂಡು ನಿಲ್ಲುತ್ತೆ ನಿಮ್ಮ ಗುಬ್ಬಿ!”

ಸುಳ್ಳಲ್ಲ. ಅವರು ಬರೆದ ಕೋಳಿಯೂ ದರ್ಬಾರಿಗೆ ಹೊರಟಂತಿತ್ತು. ಕೈ ಬೇರೆ ಹಕ್ಕಿಯನ್ನು ಅರಿಯದು.

ವಿಚಾರಣೆಗೆ ಇಬ್ಬರೂ ಹೋದರು. ಫೈಲುಗಳ ನಡುವೆ ಕೂತಿದ್ದ ಅಧಿಕಾರಿಣಿಯನ್ನು ಮೇಸ್ತ್ರಿ ನೇರವಾಗಿ ಕೇಳಿದರು: “ಅಮ್ಮಾ, ನಿಮ್ಮ ಬಾಗಿಲಲ್ಲಿ ನಿಂತಿರೋ ಕಾವಲಿನವನ ತೋಳಲ್ಲಿರೋದು ನನ್ನ ಕೈಯಿಂದ ಆದದ್ದು. ನನಗೇ ಹಕ್ಕಿಲ್ವಾ?”

“ಹೊಲಿದಿದ್ದು ನೀವೇ ಅಜ್ಜ, ಇಲ್ಲ ಅನ್ನಲ್ಲ. ಆದ್ರೆ ಬಾವುಟ, ಲಾಂಛನ, ಸರ್ಕಾರಿ ಮುದ್ರೆ, ಇವುಗಳ ಹೋಲಿಕೆ ಕೂಡ, ಅಪ್ಪಣೆಯಿಲ್ದೆ ಯಾರ ಸರಕಿಗೂ ಕೊಡೋ ಹಾಗಿಲ್ಲ. ಇದನ್ನ ನೋಡಿದ ತಾಯಿ, ಸರ್ಕಾರವೇ ಪರೀಕ್ಷೆ ಮಾಡಿದ ಬಟ್ಟೆ ಅಂದ್ಕೊಂಡು ಕಣ್ಮುಚ್ಚಿ ಮಗುಗೆ ತೊಡಿಸ್ತಾಳೆ.”

ಮಗಳು ಅಪ್ಪನ ಮುಖ ನೋಡಿದಳು. ಅವರಿಗೆ ತಾವು ದುಡಿದ ಕಸೂತಿ ಖಾನೆಯ ಒಲೆ ನೆನಪಾಗಿತ್ತು. ಒಂದು ಎಳೆ ಸೊಟ್ಟಗಾದ ಹದ್ದನ್ನೂ ಅಲ್ಲಿ ಕಸಕ್ಕೆ ಹಾಕುತ್ತಿರಲಿಲ್ಲ. ಸುಟ್ಟು, ಬೂದಿಯಾಗುವ ತನಕ ಕಾದು ನಿಲ್ಲುತ್ತಿದ್ದರು. ತಪ್ಪಿ ಕಸಕ್ಕೆ ಬಿದ್ದ ಒಂದನ್ನು ಎಂದೋ ಯಾವನೋ ತೋಳಿಗೆ ಹಚ್ಚಿಕೊಂಡು, ಬಡವರ ಮನೆಗಳಿಗೆ ನುಗ್ಗಿ ಹೆದರಿಸಿದ್ದನಂತೆ. ಹದ್ದನ್ನು ಕಂಡವರು ಮರುಮಾತಿಲ್ಲದೆ ಬಾಗಿಲು ತೆರೆದಿದ್ದರು.

“ಬೇರೆ ಬರ್ಕೊಂಡು ಬರ್ತೀನಮ್ಮಾ,” ಎಂದು ಎದ್ದರು.

“ಇದೇ ಕೊನೇ ಅವಕಾಶ, ಅಜ್ಜ.”

ಮನೆಗೆ ಬಂದವರೇ ಬಲಗೈಯನ್ನು ತೊಡೆಯ ಕೆಳಗೆ ಅದುಮಿಟ್ಟು, ಪೆನ್ಸಿಲನ್ನು ಎಡಗೈಗೆ ಕೊಟ್ಟರು. ಗೆರೆ ನಡುಗಿತು. ಕತ್ತು ಬಾಗಿದ, ರೆಕ್ಕೆ ಮುಚ್ಚಿದ, ಒಂದು ಕಾಲು ಗಿಡ್ಡವಾದ ಹಕ್ಕಿಯೊಂದು ಹಾಳೆಯ ಮೇಲೆ ಕೂತಿತು.

“ಕುಂಟ್ತಾ ಇದೆಯಲ್ಲಪ್ಪಾ,” ಎಂದಳು ಮಗಳು, ಅಳುಕುತ್ತ.

“ಕುಂಟಲಿ ಬಿಡು. ಇದಕ್ಕೆ ಯಾರೂ ಸಲಾಮು ಹೊಡೆಯಲ್ಲ.”

ಆ ಹಕ್ಕಿಗೆ ತಕರಾರು ಬರಲಿಲ್ಲ. ಈಗ ಮಗಳ ಪ್ರತಿ ಅಂಗಿಯ ಮೇಲೂ ಅದೇ ಗುರುತು, ಮೇಸ್ತ್ರಿಯದೇ ಹೊಲಿಗೆ. ಒಮ್ಮೊಮ್ಮೆ ಸೂಜಿ ಹಿಡಿದ ಬಲಗೈ ತಾನಾಗಿಯೇ ಹಕ್ಕಿಯ ಎದೆ ಉಬ್ಬಿಸಿಬಿಡುತ್ತದೆ. ಅವರು ತುಸು ಹೊತ್ತು ಅದನ್ನೇ ನೋಡುತ್ತಾರೆ. ಆಮೇಲೆ ಎಳೆ ಎಳೆಯಾಗಿ ಬಿಚ್ಚಿ, ಮೊದಲಿನಿಂದ ಹೊಲಿಯುತ್ತಾರೆ.