ಚೀಲದ ಬುವಾ

ಮಗುವನ್ನು ಸುಳ್ಳು ಹೇಳಿ ಹೆದರಿಸಬಾರದು. ಇಷ್ಟು ಸಣ್ಣ ನಿಯಮವನ್ನು ಸೊಲ್ಲಾಪುರದಿಂದ ಅಕ್ಕಲಕೋಟೆಗೆ ಹೊರಟ ಆ ಬಸ್ಸಿನಲ್ಲಿ ಒಬ್ಬರೂ ಪಾಲಿಸಲಿಲ್ಲ.

ನನ್ನ ಪಕ್ಕದ ಸಾಲಿನಲ್ಲಿ ಮೂರು ವರ್ಷದ ಹುಡುಗಿಯೊಬ್ಬಳು ಕಿಟಕಿ ಬೇಕೆಂದು ಅಳುತ್ತಿದ್ದಳು. ಕಿಟಕಿಗೆ ಒರಗಿ ಅವಳ ಅಜ್ಜಿ ಕೂತಿದ್ದಳು. ಜಾಗ ಬಿಟ್ಟುಕೊಟ್ಟಿದ್ದರೆ ಮುಗಿಯುತ್ತಿತ್ತು. ಅದು ಬಿಟ್ಟು ತಾಯಿ ಪೊಲೀಸರು ಬರುತ್ತಾರೆಂದಳು, ಕಂಡಕ್ಟರ್ ನಡುದಾರಿಯಲ್ಲೇ ಇಳಿಸುತ್ತೇನೆಂದ. ಇಬ್ಬರೂ ಸಾಲದೆ ಅಜ್ಜಿ ನನ್ನತ್ತ ಬೆರಳು ಮಾಡಿದಳು.

"ಸುಮ್ನ ಕುಂಡ್ರತಿಯೋ ಇಲ್ಲೋ? ನೋಡಲ್ಲಿ, ಆ ಮೀಸಿ ಬುವಾ ನಿನ್ನ ತನ್ನ ಚೀಲದಾಗ ಹಾಕ್ಕೊಂಡ ಹೋಗ್ತಾನ!"

ಸೊಲ್ಲಾಪುರದಲ್ಲಿ ಸಾಹೇಬನಾಗಿ ಹತ್ತಿದವನು ವಳಸಂಗ ದಾಟುವಷ್ಟರಲ್ಲಿ ಗುಮ್ಮನಾಗಿದ್ದೆ. ಹುಡುಗಿ ತಾಯಿಯ ಸೆರಗಿನೊಳಗೆ ಸೇರಿಕೊಂಡಳು. ಅಜ್ಜಿ ನನಗೆ ಮೆಲ್ಲಗೆ, "ಸಾಹೇಬ್ರ, ಒಂದ ಸಲ ಕಣ್ಣ ಬಿಡ್ರಿ," ಎಂದಳು.

ನನಗೆ ಪಿತ್ತ ನೆತ್ತಿಗೇರಿತು. "ಬಿಡೂದಿಲ್ರಿ. ಕೂಸಿಗಿ ಸುಳ್ಳ ಹೇಳಾಕ ನನ್ನ ಯಾಕ ಕರೀತೀರಿ?" ಎಂದವನೇ ತೊಡೆಯ ಮೇಲಿದ್ದ ನನ್ನ ಚೀಲದ ಜಿಪ್ ಎಳೆದು ಹುಡುಗಿಯ ಮುಂದೆ ಹಿಡಿದೆ. "ನೋಡವ್ವಾ, ಟಾವೆಲ್ ಐತಿ, ಅಂಗಿ ಐತಿ, ಶೇಂಗಾ ಚಟ್ನಿ ಐತಿ. ಹುಡುಗ್ರು ಯಾರೂ ಇಲ್ಲ."

"ಛಲೋ ಮಾಡಿದ್ರಿ! ಇನ್ನ ಇಕಿ ಯಾರಿಗಿ ಅಂಜಬೇಕ್ರಿ?" ತಾಯಿ ನನ್ನ ಮೇಲೆಯೇ ಸಿಟ್ಟಾದಳು.

ಹುಡುಗಿ ಅಳು ನಿಲ್ಲಿಸಿ ಚೀಲದೊಳಗೆ ಇಣುಕಿದಳು. ಕೈಯಾಡಿಸಿ ಇನ್ನೂ ಜಾಗವಿದೆಯೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಅಜ್ಜಿಯ ಕೈ ಹಿಡಿದು, ಕಿಟಕಿಯಿಂದ ನನ್ನ ಚೀಲದ ಕಡೆಗೆ ಜಗ್ಗತೊಡಗಿದಳು.

"ಆಯಿ, ನೀ ಇದ್ರಾಗ ಕುಂಡ್ರು."