ಫೋನ್ ಬಂದಾಗ ಎದ್ದು ನಿಂತ ಮಾಸ್ತರರು

ಫೋನ್ ರಿಂಗಾದದ್ದೇ ತಡ, ಮಾಸ್ತರರು ಕುರ್ಚಿಯಿಂದ ಎದ್ದರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು, ನೆಟ್ಟಗೆ ನಿಂತು ಮಾತಾಡಿದರು: "ಇಲ್ಲೇ ಅದೀನ್ರಿ ಸಾಹೇಬ್ರ, ಎಲ್ಲೂ ಹೋಗಿಲ್ರಿ. ಯಾರಿಗೂ ಹೇಳಿಲ್ರಿ."

ನಾನು ಮತ್ತು ನನ್ನ ಸಹೋದ್ಯೋಗಿ ಕುಷ್ಟಗಿಯ ಅವರ ಮನೆಯಲ್ಲಿ ಸಂದರ್ಶನಕ್ಕೆಂದು ಕುಳಿತಿದ್ದೆವು. ಆನ್‌ಲೈನ್ ವಂಚನೆಯ ಕುರಿತು ನಮ್ಮ ವಿಶ್ವವಿದ್ಯಾಲಯದ ಬೇರೆ ಬೇರೆ ವಿಭಾಗದವರು ಸೇರಿ ಸಂಶೋಧನೆ ನಡೆಸುತ್ತಿದ್ದೇವೆ. ಸಹೋದ್ಯೋಗಿ ಕಂಪ್ಯೂಟರ್ ವಿಭಾಗದವರು, ನಾನು ಮನಃಶಾಸ್ತ್ರದವಳು. ಈ ನಿವೃತ್ತ ಮಾಸ್ತರರನ್ನು ಹೋದ ವರ್ಷ ಯಾರೋ ಪೊಲೀಸರ ಸೋಗಿನಲ್ಲಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸಿ, ಇಡೀ ದಿನ ವಿಡಿಯೊ ಕರೆಯ ಮುಂದೆ ಕೂರಿಸಿದ್ದರು. ಫೋನಿನಲ್ಲಿ ಯಾರನ್ನೂ ಬಂಧಿಸುವ ಕಾನೂನೇ ಇಲ್ಲವೆಂದು ಸ್ವಲ್ಪ ಮುಂಚೆಯಷ್ಟೇ ಅವರೇ ನಗುತ್ತಾ ನಮಗೆ ವಿವರಿಸಿದ್ದರು.

ಅಡುಗೆಮನೆಯಿಂದ ಬಂದ ಅವರ ಹೆಂಡತಿ ಫೋನನ್ನು ಮೆಲ್ಲಗೆ ತೆಗೆದುಕೊಂಡು ಕಿವಿಗಿಟ್ಟುಕೊಂಡರು.

"ಗ್ಯಾಸಿನವ್ರು ಅದಾರ್ರಿ, ಸಿಲಿಂಡರ್ ತಂದಾರಂತ. ಕುಂದರ್ರಿ ನೀವು" ಎಂದು ಗಂಡನ ಭುಜ ಮುಟ್ಟಿ ಕೂರಿಸಿದರು.

ಮಾಸ್ತರರು ಆಮೇಲೆ ನಮ್ಮ ಕಡೆ ನೋಡಲಿಲ್ಲ. ಸಹೋದ್ಯೋಗಿ ರೆಕಾರ್ಡರ್ ಆಫ್ ಮಾಡಿದರು. ಚಹಾ ಕುಡಿದೆವು. ಉಳಿದ ಪ್ರಶ್ನೆಗಳ ಹಾಳೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು.

ಆ ಸಂದರ್ಶನ ಅರ್ಧಕ್ಕೇ ನಿಂತಿದೆ, ಸಂಶೋಧನೆ ಮುಂದುವರಿದಿದೆ. ಮಾಸ್ತರರ ಯೋಗಕ್ಷೇಮ ಕೇಳಬೇಕೆನಿಸಿದಾಗ ನಾನು ಅವರಿಗೆ ಫೋನ್ ಮಾಡುವುದಿಲ್ಲ; ಅವರ ಹೆಂಡತಿಗೆ ಮಾಡುತ್ತೇನೆ.