ಐದನೆಯ ವಿಮಾನ

ದಾಖಲೆ ಕಚೇರಿಯ ಗುಮಾಸ್ತನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಯುದ್ಧದಲ್ಲಿ ಹೊಡೆದುರುಳಿಸಿದೆವೆಂದು ಪೈಲಟ್‌ಗಳು ಬರೆದುಕೊಟ್ಟ ಒಂದೊಂದು ವಿಮಾನವನ್ನೂ ಶತ್ರುಗಳ ನಷ್ಟದ ಪುಸ್ತಕದಲ್ಲಿ ಹುಡುಕುವುದು ಅವನ ಕೆಲಸ. "ಆಕಾಶದಲ್ಲಿ ಉರುಳಿಸಿದ್ದಕ್ಕಿಂತ ಬಾಯಲ್ಲಿ ಉರುಳಿಸಿದ್ದೇ ಜಾಸ್ತಿ" ಎಂದು ಗೊಣಗುತ್ತಾ ಅರ್ಧಕ್ಕರ್ಧಕ್ಕೆ ಕೆಂಪು ಗೀಟು ಎಳೆದಿದ್ದ.

ಒಬ್ಬ ಮುದಿ ಪೈಲಟ್ ಮಾತ್ರ ಬಿಡುವವನಲ್ಲ. ಹೆಂಡತಿಯೊಂದಿಗೆ ತಿಂಗಳಿಗೊಮ್ಮೆ ಬಂದು, "ನನ್ನ ಐದನೇದು ಸಿಕ್ತೇನಪ್ಪಾ? ಕೆರೆ ಮೇಲೆ, ಮೋಡದೊಳಗೆ ಹೊಡೆದಿದ್ದು" ಎಂದು ತಲೆ ತಿನ್ನುತ್ತಿದ್ದ. ಹೆಂಡತಿ ಮಾತ್ರ, ಅದೇ ಯುದ್ಧದಲ್ಲಿ ವಿಮಾನದ ಸಮೇತ ಕಾಣೆಯಾದ ತನ್ನ ತಮ್ಮನ ಬಗ್ಗೆ ಕೇಳುತ್ತಿದ್ದಳು.

ಪುಸ್ತಕದ ಪ್ರಕಾರ ಮುದುಕ ಹೇಳಿದ ಆ ದಿನ ಮಂಜು ಕವಿದು ಶತ್ರುಗಳ ಒಂದು ವಿಮಾನವೂ ಮೇಲೆದ್ದಿರಲಿಲ್ಲ. ಕಾಟ ತಾಳಲಾರದೆ ಗುಮಾಸ್ತ, ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ, ತಮ್ಮದೇ ವಾಯುಪಡೆಯ ನಷ್ಟದ ಪುಸ್ತಕ ತೆರೆದ. ಅದೇ ದಿನ, ಅದೇ ಗಳಿಗೆ, ಅದೇ ಕೆರೆ. ಎದುರಿಗೆ ಆ ತಮ್ಮನ ಹೆಸರು.

ಮುಂದಿನ ತಿಂಗಳು ದಂಪತಿ ಬಂದಾಗ, ಗುಮಾಸ್ತ ಆ ಪುಸ್ತಕವನ್ನು ಮುದುಕನಿಗಷ್ಟೇ ಕಾಣುವಂತೆ ತಿರುಗಿಸಿದ. ಮುದುಕ ಓದಿ ಕನ್ನಡಕ ತೆಗೆದಿಟ್ಟ.

"ನಾಲ್ಕೇ ಅಂತ ಬರ್ಕೊಳಪ್ಪಾ."

"ಅಯ್ಯೋ, ಇಷ್ಟು ವರ್ಷ ಕಾದು ಈಗ ಬಿಟ್ಟುಕೊಡ್ತೀರಾ?" ಎಂದು ಗಂಡನನ್ನು ಗದರಿದ ಹೆಂಡತಿ, ಗುಮಾಸ್ತನತ್ತ ತಿರುಗಿದಳು. "ಐದನೇದೂ ಇವರೇ ಹೊಡೆದಿದ್ದು. ಬರ್ಕೊಳ್ಳಿ."